ಋಷಿ ಮೂಲ, ನದಿ ಮೂಲ, ಮೆಣಸಿನ ಮೂಲ

ಋಷಿ ಮೂಲ, ನದಿ ಮೂಲ ಕೆದಕಬಾರದು ಎಂದು ಹೇಳಿಹೋದ ಹಿರಿಯರು ಕಾಳುಮೆಣಸನ್ನು ಆ ಪಟ್ಟಿಗೆ ಸೇರಿಸಲು ಮರೆತರು. ಈಗ ಸರ್ಕಾರ ಅದರ ಮೂಲ ಹುಡುಕುತ್ತಾ ಕುಳಿತಿದೆ.

ವಿಯೆಟ್ನಾಂನ ಮೆಣಸು ನೇರವಾಗಿ ನಮ್ಮ ಬಂದರಿಗೆ ಬಂದರೆ ಶೇ 50ರ ಆಸುಪಾಸು ಸುಂಕ ಕಕ್ಕಬೇಕು. ಅದೇ ಮೆಣಸು ಶ್ರೀಲಂಕಾದ್ದು ಎನಿಸಿಕೊಂಡರೆ, ಆ ದೇಶದ ಜೊತೆಗಿನ ವ್ಯಾಪಾರ ಒಪ್ಪಂದಗಳ ದೆಸೆಯಿಂದ, ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಅದರಾಚೆಗೂ ಶೇ 8 ಮಾತ್ರ. ಹೀಗಿರುವಾಗ ಯಾವ ಮೆಣಸಿಗೆ ತಾನೇ ಕೊಲಂಬೊದಲ್ಲಿ ಇಳಿದು, ಮುಖ ತೊಳೆದು, ಚೀಲ ಬದಲಿಸಿಕೊಂಡು ಬರೋಣ ಎನಿಸುವುದಿಲ್ಲ? ಕೊಡಗು, ಸಕಲೇಶಪುರ, ಮೂಡಿಗೆರೆಯ ಬೆಳೆಗಾರರು ವರ್ಷಗಳಿಂದ ಕೂಗುತ್ತಿರುವುದೂ ಇದನ್ನೇ.

ನನ್ನ ತಂಗಿಯ ಮಗ ಹುಟ್ಟಿದ್ದು ಮೂಡಿಗೆರೆಯಲ್ಲಿ, ಓದಿದ್ದು ಪುಣೆಯಲ್ಲಿ. ಸಿಇಟಿ ಸೀಟಿಗೆ ಹೋದರೆ, ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ಎಲ್ಲಿ ಎಂದು ಕೇಳಿದರು. ಮೆಣಸಾಗಿ ಹುಟ್ಟಿದ್ದರೆ ಏಳು ದಿನದಲ್ಲಿ ಕೆಲಸ ಮುಗಿಯುತ್ತಿತ್ತೋ ಏನೋ.

ಒಪ್ಪಂದದ ಕಾನೂನು ಮಾತ್ರ ಬಲು ಖಡಕ್ಕು. ಮೆಣಸು ಲಂಕೆಯದಾಗಬೇಕಾದರೆ ಲಂಕೆಯ ಬಳ್ಳಿಯಲ್ಲೇ ಬಿಟ್ಟಿರಬೇಕು. ಜರಡಿ ಹಿಡಿದು ಮೂಟೆ ಕಟ್ಟಿದರೆ ಸಾಲದು. ಹೊರಗಿನ ಕಚ್ಚಾವಸ್ತು ತರಿಸಿ ತಯಾರಿಸಿದ ಸರಕಾದರೆ ಶೇ 35ರಷ್ಟು ಮೌಲ್ಯ ಅಲ್ಲೇ ಸೇರಿರಬೇಕು. ನಮ್ಮ ಕಾಲದ ಎಸ್‌ಎಸ್‌ಎಲ್‌ಸಿಯಲ್ಲಿ ಪಾಸಾಗಲು ಬೇಕಿದ್ದದ್ದೂ ಅಷ್ಟೇ. ಕಚ್ಚಾವಸ್ತು ಭಾರತದಿಂದಲೇ ಹೋಗಿದ್ದರೆ ಸ್ವಂತದ್ದು 25 ಇದ್ದರೂ ನಡೆಯುತ್ತದೆ, ಮಿಕ್ಕದ್ದು ಪಕ್ಕದವನ ಉತ್ತರಪತ್ರಿಕೆಯಿಂದ.

2017ರ ಡಿಸೆಂಬರ್‌ನಲ್ಲಿ ದೆಹಲಿಗೆ ಮೊದಲ ಮದ್ದು ಹೊಳೆಯಿತು: ಕಿಲೋಗೆ 500 ರೂಪಾಯಿಗಿಂತ ಅಗ್ಗದ ಮೆಣಸನ್ನು ಒಳಗೆ ಬಿಡಕೂಡದು. ಬಿಡಲಿಲ್ಲ. ಅಗ್ಗದ ಮೆಣಸೇ ಬಿಲ್ಲಿನ ಮೇಲೆ 500 ಬರೆಸಿಕೊಂಡು ಬರತೊಡಗಿತು ಎಂಬುದು ಬೆಳೆಗಾರರ ದೂರು. ಹುಟ್ಟೂರು ಸುಳ್ಳಾಗಿದ್ದ ಮೆಣಸಿಗೆ ಬೆಲೆಯೂ ಸುಳ್ಳಾಯಿತು, ಒಂದಕ್ಕೊಂದು ಜೋಡಿ.

2020ರಲ್ಲಿ ಬಂದದ್ದು ಕೆರೋಟಾರ್. ಕ್ಯಾರೆಟ್ ಹಲ್ವಾದ ತಮ್ಮನಂತೆ ಕೇಳಿಸಿದರೂ ಇದು ಒಪ್ಪಂದದ ರಿಯಾಯಿತಿ ಕೇಳುವ ಸರಕಿನ ಮೂಲ ಪರಿಶೀಲಿಸಲು ಸುಂಕ ಇಲಾಖೆ ಮಾಡಿದ ನಿಯಮಾವಳಿ. ಇದರ ಪ್ರಕಾರ ಸರಕಿನ ಜಾತಕವೆಲ್ಲ ಆಮದುದಾರನಿಗೇ ತಿಳಿದಿರಬೇಕು, ನಮೂನೆ ತುಂಬಿಸಿಟ್ಟಿರಬೇಕು, ಕಾಗದಗಳನ್ನು ಐದು ವರ್ಷ ಕಾಪಾಡಬೇಕು, ಕೇಳಿದ ಹತ್ತು ಕೆಲಸದ ದಿನಗಳೊಳಗೆ ಒಪ್ಪಿಸಬೇಕು. ಸಾಚಾ ಮನುಷ್ಯ ಈ ಕಡತ ಹೊತ್ತು ಸೊಂಟ ಹಿಡಿದುಕೊಂಡ. ಕಳ್ಳನಿಗೇನು ಕಷ್ಟ? ಸುಳ್ಳು ಮೆಣಸು ತರುವವನ ಕಡತ ಯಾವತ್ತೂ ಅಚ್ಚುಕಟ್ಟಾಗಿಯೇ ಇರುತ್ತದೆ.

ಇಷ್ಟಾದ ಮೇಲೆ 2025ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂತು. ನಿಯಮಾವಳಿಯಲ್ಲಿ ‘ಮೂಲದ ಪ್ರಮಾಣಪತ್ರ’ ಎಂದಿದ್ದ ಕಡೆಯೆಲ್ಲ ‘ಮೂಲದ ಪುರಾವೆ’ ಎಂದು ಓದಿಕೊಳ್ಳತಕ್ಕದ್ದು. ಹೊಸ ಒಪ್ಪಂದಗಳಲ್ಲಿ ರಫ್ತುದಾರನೇ ‘ಇದು ನಮ್ಮೂರಿನದು’ ಎಂದು ಘೋಷಿಸಿಕೊಳ್ಳಬಹುದು, ಆದ್ದರಿಂದ ಈ ಪದಬದಲಾವಣೆ. ಮೊದಲು ಮುದ್ರೆ ಒತ್ತಿಸಲು ಕಚೇರಿಗೆ ಹೋಗಬೇಕಿತ್ತು, ಇನ್ನು ಕೆಲವರಿಗೆ ಆ ಅಲೆದಾಟವೂ ಇಲ್ಲ. ವಧುವಿನ ಕಡೆಯವರು ನಡತೆ ಪತ್ರ ಕೇಳಿದಾಗ ವರನೇ ಪೆನ್ನು ತೆಗೆದ ಹಾಗೆ.

ಅಂದ ಹಾಗೆ, ಕಾಳುಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. ವಿಯೆಟ್ನಾಂನ ಬಳ್ಳಿಯ ಮುತ್ತಜ್ಜಿಯೂ ಈ ಕಡೆಯವಳೇ. ಪಾಪ, ಮೊಮ್ಮಗಳು ಅಜ್ಜಿಯ ಮನೆಗೆ ಬರುತ್ತಿದ್ದಾಳೆ. ನಮೂನೆಯಲ್ಲಿ ಅದಕ್ಕೊಂದು ಕಾಲಂ ಇಲ್ಲದ್ದರಿಂದ ಲಂಕೆಯವಳೆಂದು ಬರೆಸಿದ್ದಾಳೆ.