ಸೊಪ್ಪು ಹೋಯ್ತು, ಹೆಸರು ಉಳೀತು

ಪೋಲೆಂಡಿನ ಕ್ರಾಕುವ್ ನಗರದ ಹೊರಗೆ ನದಿ ದಂಡೆಯಲ್ಲಿ ನಡೀತಿದ್ದಾಗ ಕಂಡ ಬೋರ್ಡು: 'ಎಚ್ಚರಿಕೆ! ಬಾರ್ಶ್ಚ್'. ಮಧ್ಯಾಹ್ನವಷ್ಟೇ ಆಫೀಸ್ ಕ್ಯಾಂಟೀನಿನಲ್ಲಿ ಬಾರ್ಶ್ಚ್ ಅನ್ನೋ ಕೆಂಪು ಬೀಟ್ರೂಟ್ ಸಾರನ್ನು ಲೋಟಗಟ್ಟಲೆ ಕುಡಿದು ಬಂದವನಿಗೆ ಎದೆ ಧಸಕ್ಕೆಂದಿತು. ಜೊತೆಗಿದ್ದ ಸಹೋದ್ಯೋಗಿ ನಗುತ್ತಾ, ಆಳೆತ್ತರ ಮೀರಿದ ಬಿಳಿ ಹೂವಿನ ಗಿಡ ತೋರಿಸಿದ; ಅದರ ಹೆಸರೂ ಬಾರ್ಶ್ಚ್. ಕಾಕಸಸ್ಸಿನಿಂದ ದನದ ಮೇವಿಗೆಂದು ತಂದದ್ದಂತೆ. ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

ಸಾರಿಗೆ ಹೆಸರು ಕೊಟ್ಟದ್ದು ಇದರ ಸಾಧು ದಾಯಾದಿ, ಇಲ್ಲಿನದೇ ಕಾಡುಗಿಡ. ಅದರ ಎಲೆ, ದಂಟು ನೀರಲ್ಲಿ ನೆನೆಸಿ ಹುಳಿ ಬರಿಸಿ ಸಾರು ಮಾಡುತ್ತಿದ್ದರು. 1613ರಲ್ಲಿ ಇದೇ ಕ್ರಾಕುವಿನಲ್ಲಿ ಅಚ್ಚಾದ ಶಿಮೊನ್ ಸಿರೆನ್ಸ್ಕಿಯ ಸಸ್ಯಗ್ರಂಥ ಆ ಸಾರನ್ನು ಹೊಗಳುತ್ತದೆ. ಆಮೇಲೆ ಬೀಟ್ರೂಟ್ ಬಂತು, ಸೊಪ್ಪು ಪಾತ್ರೆಯಿಂದ ಹೊರಬಿತ್ತು. 2022ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಉಕ್ರೇನಿನ ಬೋರ್ಶ್ಚ್ ಸಾರಿನ ಹೆಸರಿಗೂ ಇದೇ ಮೂಲ.

ನನಗೆ ಹಿಡಿಸಿದ್ದು ಹುಳಿಯ ವಿಷಯ. ಪಕ್ಕದ ಮನೆ ಅಜ್ಜಿ ಡಿಸೆಂಬರ್ ಬಂತೆಂದರೆ ಗಾಜಿನ ಜಾಡಿಗೆ ಬೀಟ್ರೂಟ್ ಹೋಳು, ಜಜ್ಜಿದ ಬೆಳ್ಳುಳ್ಳಿ, ಬೇ ಎಲೆ ಹಾಕಿ, ಉಪ್ಪುನೀರು ತುಂಬಿ ಒಲೆ ಪಕ್ಕ ಇಡುತ್ತಾರೆ. ವಾರದ ಹೊತ್ತಿಗೆ ನೊರೆ ಎದ್ದು, ಮಣ್ಣಿನ ವಾಸನೆ ಹೋಗಿ, ಮೂಗಿಗೆ ಚುರುಕೆನಿಸೋ ಹುಳಿ ಬಂದಿರುತ್ತದೆ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಸಾರಿಗೆ ಅದೇ ಬೇಕು. ತರಕಾರಿ ಬದಲಾದರೂ ಹುಳಿ ಬರಿಸುವ ಕ್ರಮ ಸೊಪ್ಪಿನ ಕಾಲದ್ದೇ.

ನಮ್ಮೂರ ಕಥೆ ನೋಡಿ. ಮದುವೆಮನೆ ಪಂಕ್ತಿಯಲ್ಲಿ 'ಇದು ರಸಂ ಕಣಯ್ಯ, ಸಾರಲ್ಲ' ಅಂತ ಬಡಿಸುವವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ ನಮ್ಮ ಭಾವ. ಮನೆಯಲ್ಲಿ ಮಾತ್ರ ಪ್ಯಾಕೆಟ್ ಪುಡಿ, ಡಬ್ಬಿ ಹುಣಸೆ ಪೇಸ್ಟು. ಬೆರಕೆ ಸೊಪ್ಪಿನ ಬಸ್ಸಾರು ಬೇಕಂತೆ, ಬದುವಿನ ಮೇಲೆ ಕೂತು ಸೊಪ್ಪು ಕೀಳೋಕೆ ಯಾರಿಗೂ ಬಿಡುವಿಲ್ಲ. ಹೆಸರಿಗಾಗಿ ಇಷ್ಟು ಹೊಡೆದಾಡುವವರು ಹುಳಿಗೆ, ಸೊಪ್ಪಿಗೆ ಅದರ ಕಾಲುಭಾಗ ಒದ್ದಾಡಿದ್ದರೆ ಸಾಕಿತ್ತು.

ಹಾಗಂತ ಇಲ್ಲಿನವರೆಲ್ಲ ಜಾಡಿ ಇಡುತ್ತಾರೆಂದಲ್ಲ. ನನ್ನ ಸಹೋದ್ಯೋಗಿ ದಿನಾ ಕುಡಿಯೋದು ಬಿಸಿನೀರಿಗೆ ಕದಡಿದ ಪ್ಯಾಕೆಟ್ ಬಾರ್ಶ್ಚ್. ಇನ್ನು ನಮ್ಮ ಸಾರೂ ಅಷ್ಟೇ, ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿ, ಟೊಮ್ಯಾಟೊ ಎರಡನ್ನೂ ನುಂಗಿ ಹೆಸರು ಬಿಟ್ಟುಕೊಡಲಿಲ್ಲ; ಅದನ್ನಂತೂ ಒಪ್ಪಬೇಕು. ಆದರೂ ಗಣಿಕೆ ಸೊಪ್ಪು ಯಾವುದು ಅಂತ ಭಾವನನ್ನು ಕೇಳಿ ನೋಡಿ. ವಾಟ್ಸಾಪಲ್ಲಿ ಫೋಟೊ ಕಳಿಸು, ಹೇಳ್ತೀನಿ ಅಂತಾರೆ.