ಯಂತ್ರವೇ ಅವರ ನೆಲಕ್ಕೆ ಹೋದಾಗ

ಆಸ್ಟ್ರೇಲಿಯಾದ ನಡುಭಾಗದಲ್ಲಿರುವ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ನರ್ಸ್ ಆಗಿ ದುಡಿಯುತ್ತಿರುವ ನನಗೆ, ಬಹಳ ವರ್ಷಗಳ ಹಿಂದೆ ನಮ್ಮ ಕೊಳ್ಳೇಗಾಲದ ಕಡೆಯ ಆಸ್ಪತ್ರೆಯೊಂದರಲ್ಲಿ ಕಂಡ ಸೋಲಿಗರ ಅಜ್ಜಿಯೊಬ್ಬರು ಇಂದಿಗೂ ನೆನಪಾಗುತ್ತಾರೆ. ಪೋಡಿನಿಂದ, ಅಂದರೆ ಸೋಲಿಗರ ಹಾಡಿಯಿಂದ, ಅವರೊಡನೆ ಬಂದಿದ್ದ ಏಳೆಂಟು ಮಂದಿಯನ್ನು ಗೇಟಿನ ಹೊರಗೇ ನಿಲ್ಲಿಸಲಾಗಿತ್ತು. ರೋಗಿಯ ಜೊತೆ ಒಬ್ಬರೇ ಇರಬೇಕೆಂಬುದು ಅಲ್ಲಿನ ನಿಯಮ. ಮೂರನೆಯ ದಿನ ಬೆಳಗ್ಗೆ ಹಾಸಿಗೆ ಬರಿದಾಗಿತ್ತು. ಇವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ ಎಂದು ವಾರ್ಡಿನಲ್ಲಿದ್ದವರೆಲ್ಲ ಅಂದರು, ನಾನೂ ಹಾಗೆಯೇ ಅಂದುಕೊಂಡೆ. ಅದು ತಪ್ಪೆಂದು ನನಗೆ ಮನವರಿಕೆಯಾದದ್ದು ಇಲ್ಲಿನ ಪಿಂಟುಪಿ ಜನರ ಕಥೆಯನ್ನು ತಿಳಿದ ಮೇಲೆ.

ಪಿಂಟುಪಿಗಳು ಪಶ್ಚಿಮ ಮರುಭೂಮಿಯ ಮೂಲನಿವಾಸಿಗಳು. ಸರ್ಕಾರದ ವಸತಿಗಳಲ್ಲಿ ದಶಕಗಳನ್ನು ಕಳೆದ ಅವರಲ್ಲಿ ಹಲವರು 1981ರಲ್ಲಿ ತಮ್ಮ ಸ್ವಂತ ನೆಲಕ್ಕೆ ಮರಳಿ, ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 500 ಕಿಲೋಮೀಟರ್ ದೂರದ ಕಿಂಟೋರ್‌ನಲ್ಲಿ ನೆಲೆಯೂರಿದರು. ಆದರೆ ಮೂತ್ರಪಿಂಡ ಸೋತವರು ಮತ್ತೆ ಊರು ಬಿಡಬೇಕಾಯಿತು. ವಾರಕ್ಕೆ ಮೂರು ಸಲ, ಪ್ರತಿ ಸಲವೂ ನಾಲ್ಕೈದು ತಾಸು ನಡೆಯುವ ಡಯಾಲಿಸಿಸ್‌ಗೆ ಯಂತ್ರವಿದ್ದದ್ದು ಪಟ್ಟಣದಲ್ಲಿ ಮಾತ್ರ. ಮೊಮ್ಮಕ್ಕಳಿಗೆ ಕಥೆ, ಹಾಡು, ನೆಲದ ಆಚರಣೆಗಳನ್ನು ದಾಟಿಸಬೇಕಾದ ಹಿರಿಯರೇ ಅಪರಿಚಿತ ಬೀದಿಗಳಲ್ಲಿ ಒಂಟಿಯಾದರು. ಕೆಲವರು ಚಿಕಿತ್ಸೆಯನ್ನೇ ಬಿಟ್ಟು ಊರಲ್ಲಿ ಸಾಯುವುದನ್ನು ಆರಿಸಿಕೊಂಡರು.

ಆಗ ಅವರು ಸರ್ಕಾರ ಮನಸ್ಸು ಮಾಡಲೆಂದು ಕಾಯುತ್ತ ಕೂರಲಿಲ್ಲ. ಕಿಂಟೋರ್ ಮತ್ತು ಪಿಂಟುಪಿಗಳದೇ ಇನ್ನೊಂದು ಊರಾದ ಕಿವಿರ್ಕುರಾದ ಗಂಡಸರು, ಹೆಂಗಸರು ಒಟ್ಟಾಗಿ ಕುಳಿತು ಬಿಡಿಸಿದ ದೊಡ್ಡ ಚಿತ್ರಗಳನ್ನು 2000ದ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಹರಾಜಿಗಿಟ್ಟಾಗ, ಒಟ್ಟು ಸಂಗ್ರಹ 10 ಲಕ್ಷ ಡಾಲರನ್ನು ಮೀರಿತು. ಆ ಹಣದ ಬಲದಿಂದ ಹುಟ್ಟಿದ ಸಂಸ್ಥೆಯೇ ಇಂದು ಎಲ್ಲರೂ ಪರ್ಪಲ್ ಹೌಸ್ ಎನ್ನುವುದು. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಆರಂಭವಾಯಿತು. ಮುಂದೆ ಯಂತ್ರಗಳನ್ನು ಹೊತ್ತು ಊರೂರಿಗೆ ಹೋಗುವ ಲಾರಿಯೂ ಬಂತು. 2018ರಲ್ಲಿ, ತೀರ ದೂರದ ಊರುಗಳಲ್ಲಿ ನಡೆಯುವ ಡಯಾಲಿಸಿಸ್‌ನ ವೆಚ್ಚವನ್ನು ಸರ್ಕಾರದ ಮೆಡಿಕೇರ್ ಯೋಜನೆಯೇ ಭರಿಸತೊಡಗಿತು. ಸಂಸ್ಥೆಯ ಆಡಳಿತ ಮಂಡಳಿಯಲ್ಲಿರುವವರು ಮೂಲನಿವಾಸಿಗಳೇ. ಇಲ್ಲಿ ಮನೆಯವರು ಗೇಟಿನ ಹೊರಗೆ ನಿಲ್ಲಬೇಕಿಲ್ಲ. ಅಂಗಳದಲ್ಲಿ ಬೆಂಕಿ ಹಾಕಿ ಅಡುಗೆ ಮಾಡುತ್ತಾರೆ, ಕಾಡಿನ ಗಿಡಗಳಿಂದ ತಮ್ಮ ಮುಲಾಮುಗಳನ್ನು ತಯಾರಿಸುತ್ತಾರೆ. ಇದರಿಂದ ವೈದ್ಯಶಾಸ್ತ್ರಕ್ಕೆ ಯಾವ ಕುಂದೂ ಬಂದಿಲ್ಲ: ಯಂತ್ರ ಅದೇ, ಶುಚಿತ್ವದ ಕಟ್ಟುಪಾಡು ಅದೇ.

ಪಿಂಟುಪಿಗಳು ಊರಿಗೆ ಮರಳಿದ ಅದೇ 1981ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ವೈದ್ಯರು ಪೋಡುಗಳಿಗೆ ನಡೆದು ಹೋದದ್ದು, ಸೋಲಿಗರ ಹೆಣ್ಣುಮಕ್ಕಳೇ ಆರೋಗ್ಯ ಕಾರ್ಯಕರ್ತೆಯರಾದದ್ದು ನಮ್ಮ ನಾಡು ಹೆಮ್ಮೆಪಡಬೇಕಾದ ಕೆಲಸ. ನಮ್ಮಲ್ಲಿ ಸಹೃದಯರಿಗೆ ಎಂದೂ ಬರವಿರಲಿಲ್ಲ. ಆದರೆ ಸಹೃದಯರಿರುವ ಕಡೆ ಮಾತ್ರ ಸಿಗುವ ಸೇವೆ ಹಕ್ಕಾಗುವುದಿಲ್ಲ. ಆ ಬೆಟ್ಟ ಇಳಿದು ಬೇರೊಂದು ಆಸ್ಪತ್ರೆಗೆ ಹೋದರೆ ಅದೇ ಗೇಟು, ಅದೇ ಗದರಿಕೆ ಎದುರಾಗಬಹುದು.

2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತವು. ಕಾಡನ್ನು ನೋಡಿಕೊಳ್ಳಬಲ್ಲರೆಂದು ಕಾನೂನೇ ಒಪ್ಪಿದ ಸಭೆಗೆ, ತನ್ನ ಜನರ ಆರೋಗ್ಯ ಉಪಕೇಂದ್ರ ಯಾವಾಗ ತೆರೆದಿರಬೇಕು, ಅಲ್ಲಿಗೆ ಯಾರನ್ನು ತರಬೇತು ಮಾಡಬೇಕು, ಹಣವನ್ನು ಯಾವುದಕ್ಕೆ ವ್ಯಯಿಸಬೇಕು ಎಂದು ನಿರ್ಧರಿಸುವ ಅಧಿಕಾರವನ್ನೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ, ಬುಡಕಟ್ಟು ಜನರಲ್ಲಿ ಹೆಚ್ಚಾಗಿ ಕಾಣುವ ಕುಡಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್) ನಿರ್ಮೂಲನಾ ಅಭಿಯಾನವು ಇದಕ್ಕೆ ತಕ್ಕ ಅವಕಾಶ. ಆ ಕಾಯಿಲೆಯೂ ಜೀವನಪರ್ಯಂತದ್ದು. ನಿತ್ಯ ಮಾತ್ರೆ, ಆಗಾಗ ರಕ್ತಪರೀಕ್ಷೆ ಬೇಡುವಂಥದ್ದು. ಪ್ರತಿ ಸಲವೂ ಕೂಲಿ ಬಿಟ್ಟು, ಬಸ್ಸಿಗೆ ಕಾದು ಪಟ್ಟಣಕ್ಕೆ ಬರಬೇಕೆಂದರೆ ಹಲವರು ನಡುವೆಯೇ ಕೈಬಿಡುತ್ತಾರೆ. ಮಾತ್ರೆಯನ್ನೂ ಪರೀಕ್ಷೆಯನ್ನೂ ಪೋಡಿಗೇ ಒಯ್ಯುವ ಯೋಜನೆಯನ್ನು ಪೋಡಿನವರ ಜೊತೆ ಕುಳಿತೇ ರೂಪಿಸಲಿ. ಅದಕ್ಕೂ ಮುಂಚೆ, ಒಂದು ಆದೇಶದಿಂದ ನಾಳೆಯೇ ಆಗಬಹುದಾದ ಕೆಲಸವೊಂದಿದೆ: ಅಜ್ಜಿಯ ಜೊತೆ ಬಂದವರನ್ನು ಒಳಗೆ ಬಿಡುವುದು.