ಸತ್ಯಾಂಶ: ರಿಂಗೊ ಬಗ್ಗೆ ಲೆನನ್ ಹಾಗೆ ಹೇಳಿದ್ದರಾ?

"ಬೀಟಲ್ಸ್ ತಂಡದೊಳಗೂ ರಿಂಗೊ ಅತ್ಯುತ್ತಮ ಡ್ರಮ್ಮರ್ ಅಲ್ಲ" ಎಂದು ಬ್ರಿಟಿಷ್ ರಾಕ್ ತಂಡ ಬೀಟಲ್ಸ್‌ನ ಗಾಯಕ ಜಾನ್ ಲೆನನ್ ತಮ್ಮದೇ ತಂಡದ ಡ್ರಮ್ಮರ್ ರಿಂಗೊ ಸ್ಟಾರ್ ಬಗ್ಗೆ ಹೇಳಿದ್ದರು ಅನ್ನುವ ಫಾರ್ವರ್ಡ್ ಓಡಾಡುತ್ತಲೇ ಇದೆ. ಲೆನನ್ ಹೀಗೆ ಹೇಳಿದ ದಾಖಲೆ ಇಲ್ಲ. ಈ ಮಾತು 1981ರಲ್ಲಿ ಬಿಬಿಸಿ ರೇಡಿಯೊದ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಬಂದಿತ್ತು. ಲೆನನ್ 1980ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. ಅದೇ ವರ್ಷದ ಸಂದರ್ಶನದಲ್ಲಿ ಅವರು ರಿಂಗೊರನ್ನು ಒಳ್ಳೆಯ ಡ್ರಮ್ಮರ್ ಎಂದೇ ಹೊಗಳಿದ್ದರು.

ರಿಂಗೊ ಎಡಚ. ಆದರೆ ನುಡಿಸಿದ್ದು ಬಲಗೈಯವರಿಗೆ ಜೋಡಿಸಿದ ಡ್ರಮ್ ಸೆಟ್. ಹಾಗಾಗಿ ಒಂದು ಡ್ರಮ್‌ನಿಂದ ಇನ್ನೊಂದಕ್ಕೆ ಸಾಗುವಾಗ ಎಡಗೈ ಮೊದಲು ಹೊರಡುತ್ತದೆ, ನಡುವೆ ಚೂರು ತಡವಾಗುತ್ತದೆ. ನನ್ನ ಪ್ರಕಾರ ಅವರ ಗ್ರೂವ್‌ಗೆ, ಅಂದರೆ ತಾಳದ ಓಟಕ್ಕೆ, ತೂಕ ಬರುವುದೇ ಅಲ್ಲಿಂದ. 1969ರ 'ಕಮ್ ಟುಗೆದರ್' ಹಾಡು ಶುರುವಾಗುವುದನ್ನೇ ಕೇಳಿ. ಅಬ್ಬರವೇ ಇಲ್ಲ, ಆದರೂ ಕೈ ಯಾರದ್ದೆಂದು ತಕ್ಷಣ ಗೊತ್ತಾಗುತ್ತದೆ, ಅಲ್ವಾ? ರಿಂಗೊಗೆ ತಮ್ಮ ನುಡಿಸಾಣಿಕೆಯಲ್ಲಿ ತುಂಬಾ ಇಷ್ಟವಾದದ್ದು 1966ರ 'ರೇನ್' ಹಾಡಿನದ್ದು.